ಸೋಲಾರ್, ಗಾಳಿ, ಬ್ಯಾಟರಿ ಮತ್ತು ನೆಟ್‌ವರ್ಕ್ ಭದ್ರತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆ, ಪಂಪ್‌ಹೌಸ್, ಕಾಲೇಜು, ಸರ್ವರ್ ಕೋಣೆ. ಇಂಥ ಜಾಗಗಳಿಗೆ ಸೋಲಾರ್ ಅಥವಾ ಗಾಳಿ ವಿದ್ಯುತ್ ಹಾಕಿಸಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಅರ್ಧ ಕರೆಂಟಿನವು, ಅರ್ಧ ನೆಟ್‌ವರ್ಕಿನವು. ಸಾಮಾನ್ಯವಾಗಿ ಈ ಎರಡನ್ನೂ ಬೇರೆ ಬೇರೆ ಜನ ನೋಡಿಕೊಳ್ಳುತ್ತಾರೆ, ಒಬ್ಬರ ಕಡತವನ್ನು ಇನ್ನೊಬ್ಬರು ತೆರೆಯುವುದೂ ಇಲ್ಲ. ಪ್ಯಾನೆಲ್‌ನ ಕರೆಂಟನ್ನು ನಾವು ಬಳಸುವ ರೂಪಕ್ಕೆ ತಿರುಗಿಸುವ ಇನ್ವರ್ಟರ್‌ಗೇ ಇಂಟರ್ನೆಟ್ ಬಂದ ಮೇಲೆ ಹಾಗೆ ನಡೆಯುವುದಿಲ್ಲ. ಅದಕ್ಕೇ ಎರಡೂ ಒಂದೇ ಕಡೆ ಇವೆ.

## ಶುರು ಮಾಡುವ ಮೊದಲು

ಕಿಲೋವಾಟ್ ಬೇರೆ, ಯೂನಿಟ್ ಬೇರೆ ಅಂತಾರೆ. ಏನು ವ್ಯತ್ಯಾಸ?

ಈ ಕ್ಷಣದಲ್ಲಿ ಎಷ್ಟು ಎಳೆಯುತ್ತಿದೆ ಅನ್ನುವುದು ಕಿಲೋವಾಟ್. ಒಟ್ಟು ಎಷ್ಟು ಖರ್ಚಾಯಿತು ಅನ್ನುವುದು ಯೂನಿಟ್, ಅಂದರೆ ಕಿಲೋವಾಟ್ ಅವರ್. 1 ಕಿಲೋವಾಟ್ ಹೀಟರ್ ಒಂದು ಗಂಟೆ ಉರಿದರೆ 1 ಯೂನಿಟ್. ಇನ್ವರ್ಟರ್ ಆರಿಸುವಾಗ ಕಿಲೋವಾಟ್ ನೋಡಬೇಕು, ಬ್ಯಾಟರಿ ಆರಿಸುವಾಗ ಎರಡನ್ನೂ ನೋಡಬೇಕು. ಕೊಟೇಶನ್‌ನಲ್ಲಿ ಸುಮ್ನೆ "5 ಕಿಲೋವಾಟ್ ಬ್ಯಾಟರಿ" ಅಂತ ಇದ್ದರೆ, ಆ 5 ಕಿಲೋವಾಟನ್ನು ಎಷ್ಟು ಹೊತ್ತು ಕೊಡುತ್ತದೆ ಎಂದು ಕೇಳಿ. ಉತ್ತರ ತಡವರಿಸಿಕೊಂಡು ಬಂದರೆ ಬೇರೆಯವರನ್ನು ವಿಚಾರಿಸಿ.

ಪ್ಯಾನೆಲ್ ಮೇಲೆ 500 ವಾಟ್ ಅಂತ ಬರೆದಿದೆ, ಅಷ್ಟು ಬರ್ತಾನೇ ಇಲ್ಲ. ಮೋಸಾನಾ?

ಮೋಸ ಅಲ್ಲ. ಆ ಅಂಕಿ ಪ್ರಯೋಗಾಲಯದ್ದು. ಚದರ ಮೀಟರಿಗೆ 1000 ವಾಟ್ ಬೆಳಕು ಬೀಳುತ್ತಾ, ಸೆಲ್‌ನ ಬಿಸಿ 25 ಡಿಗ್ರಿ ಇರುವಾಗ ಅಳೆದದ್ದು. ಸುಡುಬಿಸಿಲಿನಲ್ಲಿ ಸೆಲ್ 60 ಡಿಗ್ರಿ ಮುಟ್ಟುವುದು ಮಾಮೂಲು. ಸಿಲಿಕಾನ್ ಪ್ಯಾನೆಲ್ ಒಂದೊಂದು ಡಿಗ್ರಿ ಏರಿದಾಗಲೂ ಶೇ 0.3ರಿಂದ 0.4ರಷ್ಟು ಕಳೆದುಕೊಳ್ಳುತ್ತದೆ. ಅಲ್ಲಿಗೇ ಶೇ 12ರಷ್ಟು ಹೋಯಿತು. ಧೂಳು, ವೈರು, ಇನ್ವರ್ಟರ್ ಎಲ್ಲ ಸೇರಿ ಶೇ 20ರಿಂದ 25 ಕಡಿಮೆ ಬರುತ್ತದೆ ಎಂದೇ ಲೆಕ್ಕ ಹಿಡಿಯಿರಿ. ವರ್ಷ ಕಳೆದಂತೆ ಇನ್ನಷ್ಟು ಇಳಿಯುತ್ತದೆ, ವರ್ಷಕ್ಕೆ ಸುಮಾರು ಶೇ 0.5.

ಹೊರಗಡೆ ಕರೆಂಟ್ ಹೋದರೆ ನಮ್ಮ ಸೋಲಾರೂ ಆಫ್ ಆಗುತ್ತೆ. ಬಿಸಿಲು ಇದ್ದರೂ ಯಾಕೆ ಹೀಗೆ?

ಬೇಕೆಂದೇ ಹಾಗೆ ಮಾಡಿದ್ದಾರೆ. ಲೈನ್‌ಮನ್ ಕಂಬ ಹತ್ತಿ ದುರಸ್ತಿ ಮಾಡುವಾಗ ನಿಮ್ಮ ಮಾಳಿಗೆಯಿಂದ ಕರೆಂಟ್ ಹರಿದರೆ ಅವರ ಜೀವಕ್ಕೆ ಅಪಾಯ. ಅದಕ್ಕೇ ಗ್ರಿಡ್‌ಗೆ, ಅಂದರೆ ಹೊರಗಿನ ವಿದ್ಯುತ್ ಜಾಲಕ್ಕೆ ಜೋಡಿಸಿದ ಇನ್ವರ್ಟರ್, ಗ್ರಿಡ್ ಸತ್ತದ್ದು ಗೊತ್ತಾದ ತಕ್ಷಣ ತಾನೂ ನಿಲ್ಲುತ್ತದೆ. ಕರೆಂಟ್ ಹೋದಾಗಲೂ ನಡೆಯಬೇಕು ಅಂದರೆ ಬ್ಯಾಟರಿ ಬೇಕು, ಪ್ಯಾನೆಲ್, ಬ್ಯಾಟರಿ ಎರಡನ್ನೂ ನಡೆಸುವ ಹೈಬ್ರಿಡ್ ಇನ್ವರ್ಟರ್ ಬೇಕು, ಹೊರಗಿನ ಲೈನಿನಿಂದ ನಿಮ್ಮನ್ನು ಕಡಿದುಹಾಕುವ ಸ್ವಿಚ್ಚೂ ಬೇಕು. ಪ್ಯಾನೆಲ್ ಇದ್ದರೆ ಬ್ಯಾಕಪ್ ಇದ್ದಂತೆ ಅಂದುಕೊಂಡವರಿಗೆ ಇದು ತಿಳಿಯುವುದು ಮೊದಲ ಸಲ ಕರೆಂಟ್ ಹೋದಾಗಲೇ.

ಗಾಳಿಯನ್ನೂ ಸೇರಿಸಿಕೊಂಡರೆ ಒಳ್ಳೇದಲ್ವಾ?

ಗಾಳಿ ನಿಜವಾಗಿ ಬೀಸುವ ಜಾಗವಾದರೆ ಒಳ್ಳೆಯದು. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಇದನ್ನೇ ತಿರುಗಿಸಿ ಹೇಳಿದರೆ, ವೇಗ ಅರ್ಧಕ್ಕೆ ಇಳಿದರೆ ಸಿಗುವುದು ಎಂಟನೇ ಒಂದು ಭಾಗ. ಕಟ್ಟಡಗಳ ನಡುವೆ, ಮರಗಳ ಮಗ್ಗುಲಲ್ಲಿ ಚಿಕ್ಕ ಟರ್ಬೈನ್ ಹಾಕಿಸಿದವರಿಗೆ ನಿರಾಸೆ ಆಗುವುದು ಇದಕ್ಕೇ. ಟರ್ಬೈನ್ ಕೂರುವ ಎತ್ತರದಲ್ಲೇ ಒಂದು ವರ್ಷ ಗಾಳಿ ಅಳೆಯದೆ ಹಣ ಹಾಕಬೇಡಿ.

## ಲೆಕ್ಕಾಚಾರ

ಎಷ್ಟು ಪ್ಯಾನೆಲ್, ಎಷ್ಟು ಬ್ಯಾಟರಿ ಬೇಕು ಅಂತ ನಾವೇ ಲೆಕ್ಕ ಹಾಕಬಹುದಾ?

ಖಂಡಿತ. ದೂರದ ಪಂಪ್‌ಹೌಸಿನಲ್ಲಿ ರೂಟರ್, ನೆಟ್‌ವರ್ಕ್ ಸ್ವಿಚ್ (ಸಾಧನಗಳ ಕೇಬಲ್‌ಗಳನ್ನು ಒಂದು ಕಡೆ ಜೋಡಿಸುವ ಪೆಟ್ಟಿಗೆ), ಕ್ಯಾಮೆರಾ, ಕಂಟ್ರೋಲರ್ ಇವೆ, ಎಲ್ಲ ಸೇರಿ 200 ವಾಟ್, ಹಗಲು ರಾತ್ರಿ ಓಡುತ್ತವೆ ಅಂತಿಟ್ಟುಕೊಳ್ಳಿ. ದಿನಕ್ಕೆ 4.8 ಯೂನಿಟ್ ಆಯಿತು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 80ರಷ್ಟನ್ನು ಮಾತ್ರ ಬಳಸುತ್ತೇವೆ, ಇನ್ವರ್ಟರ್ ದಾರಿಯಲ್ಲಿ ಶೇ 10ರಷ್ಟು ತಿನ್ನುತ್ತದೆ. 4.8 ಅನ್ನು 0.8ರಿಂದ, ಬಂದದ್ದನ್ನು 0.9ರಿಂದ ಭಾಗಿಸಿದರೆ ಸುಮಾರು 6.7 ಯೂನಿಟ್. ಇದು ಒಂದು ದಿನಕ್ಕೆ. ಎರಡು ದಿನ ಮೋಡ ಮುಚ್ಚಿದರೂ ನಡೆಯಬೇಕು ಅಂದರೆ 13ಕ್ಕಿಂತ ಜಾಸ್ತಿ.

ಪ್ಯಾನೆಲ್ ಲೆಕ್ಕ ಹಾಕುವಾಗ ವರ್ಷದ ಸರಾಸರಿಯನ್ನು ಮರೆತುಬಿಡಿ. ಅತಿ ಕಡಿಮೆ ಬಿಸಿಲಿನ ತಿಂಗಳನ್ನು ಹಿಡಿಯಿರಿ. ಆ ತಿಂಗಳಲ್ಲಿ 1 ಕಿಲೋವಾಟ್ ಪ್ಯಾನೆಲ್ ದಿನಕ್ಕೆ 3 ಯೂನಿಟ್ ಕೊಡುತ್ತದೆ ಅಂದರೆ, ದಿನದ ಖರ್ಚು ಮತ್ತು ನಷ್ಟ ತುಂಬಲು 1.8 ಕಿಲೋವಾಟ್ ಸಾಕಾಗುತ್ತದೆ. ಆದರೆ ಮೋಡ ಕಳೆದ ಮೇಲೆ ಖಾಲಿಯಾದ ಬ್ಯಾಟರಿಯನ್ನೂ ತುಂಬಬೇಕಲ್ಲ? ಹಾಗಾಗಿ 2.5ಕ್ಕೆ ಏರಿಸಿ. ಲೆಡ್ ಆಸಿಡ್ ಬ್ಯಾಟರಿಯಾದರೆ ಅರ್ಧದಷ್ಟು ಮಾತ್ರ ಬಳಸಬೇಕು, ಇಲ್ಲವಾದರೆ ಬೇಗ ಸಾಯುತ್ತದೆ. ಗಾತ್ರ ಅಷ್ಟಕ್ಕೆ ಬೆಳೆಯುತ್ತದೆ.

ಬ್ಯಾಕಪ್ ಲೈನಿಗೆ ಏನೇನು ಸೇರಿಸಬೇಕು?

ಜನ ಮೊದಲು ದೀಪ, ಫ್ಯಾನು, ಕಂಪ್ಯೂಟರ್ ಬರೆಯುತ್ತಾರೆ. ಮರೆಯುವುದು ರೂಟರ್, ನೆಟ್‌ವರ್ಕ್ ಸ್ವಿಚ್, ಫೈರ್‌ವಾಲ್ (ಜಾಲಕ್ಕೆ ಬಂದುಹೋಗುವುದನ್ನು ಕಾಯುವ ಪೆಟ್ಟಿಗೆ), ಬಾಗಿಲಿನ ಎಲೆಕ್ಟ್ರಾನಿಕ್ ಬೀಗ, ಸರ್ವರ್ ಕೋಣೆಯ ಎಸಿ. ಸರ್ವರ್ ಓಡುತ್ತಿರುತ್ತದೆ, ಅದನ್ನು ತಲುಪುವ ದಾರಿಯಲ್ಲಿರುವ ಒಂದು ಚಿಕ್ಕ ಸ್ವಿಚ್ ಮಾತ್ರ ಸತ್ತಿರುತ್ತದೆ. ಪಟ್ಟಿ ಮಾಡುವಾಗ ಸಾಧನಗಳ ಹೆಸರು ಬರೆಯುವುದಕ್ಕಿಂತ ಕೆಲಸದ ಹೆಸರು ಬರೆಯಿರಿ. "ಕರೆಂಟ್ ಹೋದಾಗಲೂ ಪಂಪ್ ಚಾಲೂ ಮಾಡಲು ಆಗಬೇಕು" ಅಂತ ಬರೆದು, ಆ ಆದೇಶ ಯಾವ ಯಾವ ಪೆಟ್ಟಿಗೆಯ ಮೂಲಕ ಹಾಯುತ್ತದೆ ಎಂದು ವೈರ್ ಹಿಡಿದುಕೊಂಡೇ ಹೋಗಿ ನೋಡಿ.

ಮಧ್ಯಾಹ್ನ ಕರೆಂಟ್ ಜಾಸ್ತಿ, ಸಂಜೆ ಇಲ್ಲ. ಬ್ಯಾಟರಿ ಬಿಟ್ಟು ಬೇರೆ ದಾರಿ ಇಲ್ವಾ?

ಇದೆ, ಅಗ್ಗವಾಗಿಯೂ ಇದೆ. ಕೆಲಸವನ್ನೇ ಬಿಸಿಲಿನ ಹೊತ್ತಿಗೆ ಸರಿಸಿ. ನೀರು ಏರಿಸುವುದು, ನೀರು ಬಿಸಿ ಮಾಡುವುದು, ತಂಪು ಕೋಣೆಯನ್ನು ಇನ್ನಷ್ಟು ತಂಪಾಗಿಸುವುದು, ವಾಹನ ಚಾರ್ಜ್ ಮಾಡುವುದು, ಸರ್ವರ್‌ಗಳ ಭಾರೀ ಲೆಕ್ಕಗಳು, ಎಲ್ಲ ಮಧ್ಯಾಹ್ನ ಆಗಬಹುದು. ದೊಡ್ಡ ಗ್ರಿಡ್‌ಗಳಿಗೂ ಇದೇ ತಲೆನೋವು. ಕ್ಯಾಲಿಫೋರ್ನಿಯಾದ ಗ್ರಿಡ್ ನಡೆಸುವವರು 2013ರಲ್ಲಿ ಬಿಡಿಸಿ ತೋರಿಸಿದ ಗೆರೆ, ಅಂದರೆ ಸೋಲಾರ್, ಗಾಳಿ ಬಿಟ್ಟು ಉಳಿದ ಸ್ಥಾವರಗಳು ಕೊಡಬೇಕಾದ ವಿದ್ಯುತ್ತಿನ ಗೆರೆ, ಮಧ್ಯಾಹ್ನ ತಗ್ಗಿ ಸಂಜೆ ಸರ್ರನೆ ಏರುತ್ತದೆ, ಬಾತುಕೋಳಿಯ ಆಕಾರದಲ್ಲಿ. ಆ ಹೆಸರೇ ನಿಂತುಬಿಟ್ಟಿದೆ.

## ನೆಟ್‌ವರ್ಕ್ ಶುರುವಾಗುವುದು ಇಲ್ಲಿಂದ

ಇನ್ವರ್ಟರ್‌ಗೆ ಇಂಟರ್ನೆಟ್ ಯಾಕೆ ಬೇಕು? ಕಿತ್ತು ಹಾಕಿದರೆ ಏನಾಗುತ್ತೆ?

ಕರೆಂಟ್ ಉತ್ಪಾದನೆಗೆ ಇಂಟರ್ನೆಟ್ ಬೇಕಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಅಂಕಿ ನೋಡಲು, ತಯಾರಕರು ದೂರದಿಂದಲೇ ಅಪ್‌ಡೇಟ್ ಹಾಕಲು, ಕೆಲವೆಡೆ ಗ್ರಿಡ್ ನಡೆಸುವವರು ಉತ್ಪಾದನೆ ಇಳಿಸಲು ಬೇಕು. ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿಸಿ: ಕೇಬಲ್ ಕಿತ್ತು ಒಂದು ವಾರ ಓಡಿಸಿ. ಉತ್ಪಾದನೆ, ಬ್ಯಾಟರಿ ಚಾರ್ಜಿಂಗ್, ಬ್ಯಾಕಪ್ಪಿಗೆ ಬದಲಾಗುವುದು, ಎಲ್ಲ ನಡೆದರೆ ಸರಿ. "ಸರ್ವರ್ ಸಿಗುತ್ತಿಲ್ಲ" ಅಂತ ನಿಂತುಬಿಟ್ಟರೆ ಆ ಯಂತ್ರ ನಿಮ್ಮದಲ್ಲ, ಸರ್ವರ್ ಇಟ್ಟುಕೊಂಡವರದು. ಅವರು ಅಂಗಡಿ ಮುಚ್ಚಿದ ದಿನ ನಿಮ್ಮ ಪ್ಲಾಂಟೂ ಮುಚ್ಚುತ್ತದೆ.

ನಮ್ಮದು ಚಿಕ್ಕ ಪ್ಲಾಂಟ್. ನಮ್ಮನ್ನು ಯಾರು ಹ್ಯಾಕ್ ಮಾಡ್ತಾರೆ?

ನಿಮ್ಮನ್ನೇ ಹುಡುಕಿಕೊಂಡು ಯಾರೂ ಬರುವುದಿಲ್ಲ, ಅದು ನಿಜ. ಹುಡುಕುವುದು ಪ್ರೋಗ್ರಾಮ್. 2016ರಲ್ಲಿ ಹಬ್ಬಿದ ಮಿರಾಯ್ ಎಂಬ ಮಾಲ್‌ವೇರ್, ಅಂದರೆ ಕೆಡುಕಿನ ಪ್ರೋಗ್ರಾಮ್, ಮಾಡಿದ್ದು ಇಷ್ಟೇ: ಕಾರ್ಖಾನೆಯಲ್ಲಿ ಇಟ್ಟ ಸುಮಾರು 60 ಜೋಡಿ ಯೂಸರ್‌ನೇಮ್, ಪಾಸ್‌ವರ್ಡ್‌ಗಳನ್ನು ಸಿಕ್ಕ ಸಿಕ್ಕ ಕ್ಯಾಮೆರಾ, ರೂಟರ್‌ಗಳ ಮೇಲೆ ಪ್ರಯತ್ನಿಸಿತು. ಲಕ್ಷಗಟ್ಟಲೆ ಸಾಧನ ಕೈವಶವಾದವು. ಅವುಗಳ ಮಾಲೀಕರೆಲ್ಲ ಚಿಕ್ಕವರೇ.

ಇನ್ನೊಂದು ಕಡೆಯಿಂದಲೂ ನೋಡಿ. ಒಂದೇ ಕಂಪನಿಯ ಲಕ್ಷ ಇನ್ವರ್ಟರ್ ಒಂದೇ ಸರ್ವರ್‌ಗೆ ಜೋಡಣೆಯಾಗಿದ್ದರೆ, ಆ ಸರ್ವರ್ ಕೈಯಲ್ಲಿ ಇರುವುದು ದೊಡ್ಡದೊಂದು ವಿದ್ಯುತ್ ಸ್ಥಾವರವೇ. 2015ರಲ್ಲಿ ಹವಾಯಿಯಲ್ಲಿ ಒಂದು ತಯಾರಿಕಾ ಕಂಪನಿ ಸುಮಾರು 8 ಲಕ್ಷ ಮೈಕ್ರೋ ಇನ್ವರ್ಟರ್‌ಗಳ (ಒಂದೊಂದು ಪ್ಯಾನೆಲ್‌ಗೂ ಕೂರಿಸುವ ಚಿಕ್ಕ ಇನ್ವರ್ಟರ್) ಸೆಟ್ಟಿಂಗನ್ನು ದೂರದಿಂದಲೇ ಬದಲಿಸಿತು. ಯಾರೂ ಮಾಳಿಗೆ ಹತ್ತಲಿಲ್ಲ. ಒಳ್ಳೆಯ ಕೆಲಸಕ್ಕೇ ಮಾಡಿದ್ದು, ಗ್ರಿಡ್‌ಗೆ ಅದರಿಂದ ಉಪಕಾರವೇ ಆಯಿತು. ಆದರೆ ಅದೇ ಬಾಗಿಲು ಬೇರೆಯವರ ಕೈಗೆ ಸಿಕ್ಕಿದ್ದರೆ? ಹಾಗಾಗಿ ಚಿಕ್ಕ ಪ್ಲಾಂಟಿನವರು ಕಾರ್ಖಾನೆಯ ಪಾಸ್‌ವರ್ಡ್ ಬದಲಿಸುವುದರಲ್ಲಿ ಸ್ವಂತದ ಹಿತ ಮಾತ್ರ ಇಲ್ಲ, ಪಕ್ಕದವರದೂ ಇದೆ.

ಹ್ಯಾಕ್ ಮಾಡಿ ನಿಜವಾಗಲೂ ಕರೆಂಟ್ ತೆಗೆದದ್ದು ಎಲ್ಲಾದರೂ ಇದೆಯಾ, ಅಥವಾ ಸುಮ್ನೆ ಹೆದರಿಸ್ತಾರಾ?

ಇದೆ. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿತರಣಾ ಕಂಪನಿಗಳ ಮೇಲೆ ದಾಳಿ ನಡೆಯಿತು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕತ್ತಲೆ. ಶುರುವಾದದ್ದು ತಿಂಗಳುಗಳ ಮುಂಚೆ, ಒಂದು ಇಮೇಲ್‌ನ ಅಟ್ಯಾಚ್‌ಮೆಂಟ್‌ನಿಂದ. ಕಚೇರಿಯ ಕಂಪ್ಯೂಟರಿಗೆ ಹೊಕ್ಕವರು ಪಾಸ್‌ವರ್ಡ್‌ಗಳನ್ನು ಕದ್ದು, ಆಮೇಲೆ ವಿಪಿಎನ್ (ಹೊರಗಿನಿಂದ ಒಳಗಿನ ಜಾಲಕ್ಕೆ ಬರುವ ಖಾಸಗಿ ದಾರಿ) ಮೂಲಕ ಮಾಮೂಲಿ ಸಿಬ್ಬಂದಿಯಂತೆ ನಿಯಂತ್ರಣ ಜಾಲಕ್ಕೆ ಬಂದರು. ವಿಪಿಎನ್‌ಗೆ ಪಾಸ್‌ವರ್ಡ್ ಬಿಟ್ಟರೆ ಎರಡನೇ ಪರಿಶೀಲನೆ ಇರಲಿಲ್ಲ. ಆಪರೇಟರ್‌ಗಳ ಕಣ್ಣೆದುರೇ ಮೌಸ್ ತಾನಾಗಿ ಸರಿದು ಬ್ರೇಕರ್‌ಗಳನ್ನು ತೆರೆದು ಲೈನುಗಳನ್ನು ಕಡಿಯಿತು.

ಯೋಜನೆ ಮಾಡುವವರು ಗಮನಿಸಬೇಕಾದದ್ದು ಮುಂದಿನದನ್ನು. ದಾಳಿಕೋರರು ಯುಪಿಎಸ್‌ಗಳನ್ನೂ ಆಫ್ ಆಗುವಂತೆ ಹೊಂದಿಸಿದ್ದರು, ಅಂದರೆ ನಿಯಂತ್ರಣ ಕೊಠಡಿಗೇ ಬ್ಯಾಕಪ್ ಇಲ್ಲ. ಗ್ರಾಹಕರ ದೂರು ಸ್ವೀಕರಿಸುವ ಫೋನ್ ಸಾಲುಗಳಿಗೆ ಸುಳ್ಳು ಕರೆ ಸುರಿದರು. ಉಪಕೇಂದ್ರಗಳ ಸಂಪರ್ಕ ಸಾಧನಗಳ ಫರ್ಮ್‌ವೇರ್ (ಸಾಧನವನ್ನು ನಡೆಸುವ ಒಳಗಿನ ಪ್ರೋಗ್ರಾಮ್) ಅಳಿಸಿ, ದೂರದಿಂದ ಸರಿಮಾಡಲು ಆಗದಂತೆ ಮಾಡಿದರು. ಆದರೂ ಕೆಲವೇ ಗಂಟೆಗಳಲ್ಲಿ ಕರೆಂಟ್ ಬಂತು. ಸಿಬ್ಬಂದಿ ಉಪಕೇಂದ್ರಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದರು. ಕೈಯಿಂದ ನಡೆಸುವ ವ್ಯವಸ್ಥೆಯನ್ನು "ಹಳೇದು" ಅಂತ ತೆಗೆದುಹಾಕಲು ಹೊರಟವರಿಗೆ ನಾನು ಹೇಳುವುದು ಈ ಕಥೆಯನ್ನೇ.

ಫೈರ್‌ವಾಲ್ ಹಾಕಿದ್ದೇವೆ. ಸಾಕಲ್ವಾ?

ಫೈರ್‌ವಾಲ್ ಕೂಡ ಒಂದು ಕಂಪ್ಯೂಟರ್. ಅದಕ್ಕೂ ಅಪ್‌ಡೇಟ್ ಬೇಕು. 2019ರ ಮಾರ್ಚ್‌ನಲ್ಲಿ ಅಮೆರಿಕದ ಪಶ್ಚಿಮ ಭಾಗದ ಗಾಳಿ ಮತ್ತು ಸೋಲಾರ್ ಪ್ಲಾಂಟ್‌ಗಳ ಫೈರ್‌ವಾಲ್‌ಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದವು. ಮೊದಲೇ ಗೊತ್ತಿದ್ದ ಒಂದು ದೋಷವನ್ನು ಯಾರೋ ಹೊರಗಿನಿಂದ ಬಳಸಿಕೊಂಡಿದ್ದರು. ಪ್ರತಿ ಸಲ ಐದು ನಿಮಿಷಕ್ಕೂ ಕಡಿಮೆ ಹೊತ್ತು ನಿಯಂತ್ರಣ ಕೇಂದ್ರಕ್ಕೆ ಪ್ಲಾಂಟ್ ಕಾಣದಾಯಿತು. ಉತ್ಪಾದನೆ ನಿಲ್ಲಲಿಲ್ಲ.

ಫೈರ್‌ವಾಲ್‌ನ ಹಿಂದೆ ಏನಿದೆ ಅನ್ನುವುದೂ ಮುಖ್ಯ. ಕಚೇರಿಯ ಪ್ರಿಂಟರ್, ಅತಿಥಿಗಳ ವೈಫೈ, ಕ್ಯಾಮೆರಾ, ಇನ್ವರ್ಟರ್ ಎಲ್ಲ ಒಂದೇ ಜಾಲದಲ್ಲಿದ್ದರೆ, ಒಂದು ಸಿಕ್ಕರೆ ಎಲ್ಲ ಸಿಕ್ಕಂತೆ. ಕೊನೇ ಪಕ್ಷ ಮೂರು ಭಾಗ ಮಾಡಿ: ಕಚೇರಿ, ಕ್ಯಾಮೆರಾದಂಥ ಸಾಧನಗಳು, ವಿದ್ಯುತ್ ನಿಯಂತ್ರಣ. ನಿಯಂತ್ರಣ ಜಾಲದಿಂದ ಅಂಕಿಗಳು ಹೊರಗೆ ಹೋಗಲಿ, ಒಳಗೆ ಬರುವ ದಾರಿ ಒಂದೇ ಇರಲಿ, ಅದಕ್ಕೆ ಕಾವಲು ಇರಲಿ.

ನಮ್ಮ ಮೀಟರ್, ಇನ್ವರ್ಟರ್ ಎಲ್ಲ ಮಾಡ್‌ಬಸ್‌ನಲ್ಲಿ ಮಾತಾಡ್ತವೆ. ಅದಕ್ಕೆ ಪಾಸ್‌ವರ್ಡ್ ಹಾಕೋದು ಹೇಗೆ?

ಹಾಕಲು ಆಗುವುದಿಲ್ಲ. ಮಾಡ್‌ಬಸ್ ಅಂದರೆ ಕೈಗಾರಿಕಾ ಸಾಧನಗಳು ತಮ್ಮೊಳಗೆ ಮಾತಾಡುವ ಭಾಷೆ, 1979ರದು. ಒಂದೇ ಕಾರ್ಖಾನೆಯೊಳಗಿನ ವೈರ್‌ಗೆ ಅಂತ ಮಾಡಿದ್ದು. ಯಾರು ಆದೇಶ ಕೊಟ್ಟರೂ ಪಾಲಿಸುತ್ತದೆ. ಟಿಎಲ್‌ಎಸ್ ಎಂಬ ಗೂಢಲಿಪಿ ಭದ್ರತೆ ಸೇರಿಸಿದ ಹೊಸ ರೂಪ ಬಂದಿದೆಯಾದರೂ ಬಳಕೆಯಲ್ಲಿರುವ ಸಾಧನಗಳಲ್ಲಿ ಅದು ಅಪರೂಪ. ಆದ್ದರಿಂದ ಮಾಡ್‌ಬಸ್ ಓಡುವ ಜಾಲವನ್ನೇ ಬೇರೆ ಮಾಡಿ, ಅದು ಬಳಸುವ 502ನೇ ಪೋರ್ಟ್ (ಜಾಲದ ಬಾಗಿಲು) ಇಂಟರ್ನೆಟ್‌ಗೆ ಯಾವತ್ತೂ ತೆರೆಯಬೇಡಿ.

ದುರಸ್ತಿ ಕಂಪನಿಯವರು ರಿಮೋಟ್ ಆಕ್ಸೆಸ್ ಕೇಳ್ತಾರೆ. ಕೊಡಬೇಕಾ?

ಕೊಡದಿದ್ದರೆ ಸಣ್ಣ ದೋಷಕ್ಕೂ ಜನ ಬರುವವರೆಗೆ ಕಾಯಬೇಕು. ಕೊಡಿ, ಆದರೆ ಸದಾ ತೆರೆದಿಡಬೇಡಿ. ಅವರು ಫೋನ್ ಮಾಡಿದಾಗ ನೀವು ತೆರೆಯಬೇಕು, ಕೆಲಸ ಮುಗಿದ ಮೇಲೆ ಅದು ತಾನಾಗಿ ಮುಚ್ಚಬೇಕು. ಇಡೀ ಕಂಪನಿಗೆ ಒಂದೇ ಪಾಸ್‌ವರ್ಡ್ ಬೇಡ, ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆ, ಎರಡು ಹಂತದ ಲಾಗಿನ್. ಸಿಮ್ ಹಾಕಿದ ಮೋಡೆಮ್ ಒಂದನ್ನು ಪ್ಯಾನೆಲ್ ಬೋರ್ಡ್ ಒಳಗೆ ಸದ್ದಿಲ್ಲದೆ ಇಟ್ಟುಹೋಗುವ ಅಭ್ಯಾಸವೂ ಕೆಲವರಿಗಿದೆ. ಹಸ್ತಾಂತರದ ದಿನ ಬೋರ್ಡ್ ತೆರೆಸಿ, ಆಂಟೆನಾ ಇದೆಯಾ ನೋಡಿ.

ಅಪ್‌ಡೇಟ್ ಬಂದ ಕೂಡಲೇ ಹಾಕಬೇಕಾ?

ಕಚೇರಿ ಕಂಪ್ಯೂಟರ್‌ಗೆ ಹೌದು. ಇನ್ವರ್ಟರ್, ಕಂಟ್ರೋಲರ್‌ಗಳಿಗೆ ಸ್ವಲ್ಪ ತಡೆಯಿರಿ. ಮೊದಲು ಒಂದಕ್ಕೆ ಹಾಕಿ, ಕೆಲವು ದಿನ ನೋಡಿ, ಆಮೇಲೆ ಉಳಿದವಕ್ಕೆ. ಅಪ್‌ಡೇಟ್ ಮಾಡಿದ ಮೇಲೆ ಹಳೆಯ ಸೆಟ್ಟಿಂಗ್‌ಗಳು ಹಾಗೇ ಇವೆಯಾ ಎಂದು ಒಂದೊಂದಾಗಿ ಹೋಲಿಸಬೇಕು. ಇಂಟರ್ನೆಟ್‌ಗೆ ಮುಖ ಮಾಡಿರುವ ಫೈರ್‌ವಾಲ್, ವಿಪಿಎನ್‌ಗಳಿಗೆ ಮಾತ್ರ ಈ ನಿಧಾನ ಸಲ್ಲದು.

## ಇನ್ನೂ ಆಳಕ್ಕೆ

ಸಂಪರ್ಕ ಕಡಿದುಹೋದರೆ ಪ್ಲಾಂಟ್ ನಿಲ್ಲಬೇಕಾ, ನಡೀಬೇಕಾ?

ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಇದೇ ಅತಿ ದೊಡ್ಡ ಪ್ರಶ್ನೆ. ಆದರೆ ಬಹುತೇಕ ಕಡೆ ಇದಕ್ಕೆ ಉತ್ತರ ಕೊಡುವುದು ಕಾರ್ಖಾನೆಯ ಡೀಫಾಲ್ಟ್ ಸೆಟ್ಟಿಂಗ್.

2022ರ ಫೆಬ್ರವರಿ 24ರಂದು ವಯಾಸ್ಯಾಟ್ ಕಂಪನಿಯ ಉಪಗ್ರಹ ಇಂಟರ್ನೆಟ್ ಜಾಲದ ಮೇಲೆ ದಾಳಿಯಾಗಿ ಯುರೋಪಿನ ಸಾವಿರಾರು ಮೋಡೆಮ್‌ಗಳು ಕೆಟ್ಟವು. ಜರ್ಮನಿಯ ಎನರ್ಕಾನ್ ಕಂಪನಿಯ ಸುಮಾರು 5,800 ಗಾಳಿ ಟರ್ಬೈನ್‌ಗಳು ಆ ಜಾಲವನ್ನೇ ನಂಬಿದ್ದವು. ದೂರದಿಂದ ಅವುಗಳನ್ನು ನೋಡಲು, ನಿಯಂತ್ರಿಸಲು ಆಗಲಿಲ್ಲ. ಆದರೂ ಟರ್ಬೈನ್‌ಗಳು ತಿರುಗುತ್ತಲೇ ಇದ್ದವು. ಗಾಳಿಗೆ ತಕ್ಕಂತೆ ರೆಕ್ಕೆ ತಿರುಗಿಸುವುದು, ವೇಗ ಮೀರಿದರೆ ನಿಲ್ಲುವುದು, ಇವೆಲ್ಲ ಟರ್ಬೈನ್ ಒಳಗಿನ ಕಂಟ್ರೋಲರ್‌ನ ಕೆಲಸ. ಹೊರಗಿನ ಸಂಪರ್ಕ ಇದ್ದದ್ದು ಮೇಲ್ವಿಚಾರಣೆಗೆ.

ನಿಮ್ಮ ಪ್ಲಾಂಟ್‌ಗೂ ಹೀಗೆ ಬರೆದಿಡಿ. ಸಂಪರ್ಕ ಹೋದ ಮೇಲೆ ಕೊನೆಯ ಆದೇಶವನ್ನು ಎಷ್ಟು ಹೊತ್ತು ಪಾಲಿಸಬೇಕು, ಆಮೇಲೆ ಯಾವ ಸುರಕ್ಷಿತ ಮಟ್ಟಕ್ಕೆ ಬರಬೇಕು, ಬ್ಯಾಟರಿಯಲ್ಲಿ ಎಷ್ಟು ಉಳಿಸಿಕೊಳ್ಳಬೇಕು. ಎಲ್ಲ ಕಡೆ ಒಂದೇ ಉತ್ತರ ಹೊಂದುವುದಿಲ್ಲ. ತೆಳುವಾದ ಲೈನಿನ ತುದಿಯಲ್ಲಿರುವ ದೊಡ್ಡ ಸೋಲಾರ್ ಪ್ಲಾಂಟ್ ನಿಯಂತ್ರಣವಿಲ್ಲದೆ ಪೂರ್ತಿ ಉತ್ಪಾದಿಸಿದರೆ ವೋಲ್ಟೇಜ್ ಏರಿ ಸುತ್ತಲಿನವರಿಗೆ ತೊಂದರೆ. ಅಲ್ಲಿ ಕಡಿಮೆಗೆ ಇಳಿಯುವುದೇ ಸರಿ. ಪಂಪ್‌ಹೌಸ್ ಮಾತ್ರ ನಡೆಯುತ್ತಲೇ ಇರಬೇಕು.

ದಾಳಿಯೇ ಇಲ್ಲದೆ ಬರೀ ಸೆಟ್ಟಿಂಗ್‌ನಿಂದ ಗ್ರಿಡ್ ಬೀಳುತ್ತಾ?

ಬಿದ್ದಿದೆ. 2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಬಿರುಗಾಳಿಗೆ ದೊಡ್ಡ ಲೈನಿನ ಗೋಪುರಗಳು ಉರುಳಿ, ಕೆಲವೇ ನಿಮಿಷಗಳಲ್ಲಿ ವೋಲ್ಟೇಜ್ ಹಲವು ಸಲ ಕುಸಿಯಿತು. ಇಂತಿಷ್ಟು ಸಲ ಕುಸಿದರೆ ಹಿಂದೆ ಸರಿಯಬೇಕು ಎಂಬ ಸೆಟ್ಟಿಂಗ್ ಹಲವು ಗಾಳಿ ಪ್ಲಾಂಟ್‌ಗಳಲ್ಲಿತ್ತು. ಗ್ರಿಡ್ ನಡೆಸುವವರಿಗೆ ಅದು ಗೊತ್ತೇ ಇರಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ 456 ಮೆಗಾವಾಟ್ ಹೋಯಿತು. ಪಕ್ಕದ ರಾಜ್ಯದಿಂದ ಬರುವ ಲೈನಿನ ಮೇಲೆ ಹೊರೆ ಬಿದ್ದು ಅದೂ ಕಡಿಯಿತು. ಇಡೀ ರಾಜ್ಯ ಕತ್ತಲಾಯಿತು. ಸೆಟ್ಟಿಂಗ್ ಬದಲಿಸಿದ ಮೇಲೆ ಅದೇ ಟರ್ಬೈನ್‌ಗಳು ಅಂಥ ಕುಸಿತಗಳನ್ನು ತಾಳಿಕೊಳ್ಳುವಂತಾದವು.

ಜರ್ಮನಿ ಇಂಥದ್ದನ್ನು ಮುಂಚೆಯೇ ಕಂಡುಹಿಡಿಯಿತು. ಗ್ರಿಡ್‌ನ ಫ್ರೀಕ್ವೆನ್ಸಿ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಅನ್ನುವುದು, ಸಾಮಾನ್ಯವಾಗಿ 50) 50.2 ಹರ್ಟ್ಸ್ ಮುಟ್ಟಿದರೆ ಹಳೆಯ ಸೋಲಾರ್ ಇನ್ವರ್ಟರ್‌ಗಳೆಲ್ಲ ಒಟ್ಟಿಗೇ ಆಫ್ ಆಗಬೇಕು ಎಂಬುದು ಅಲ್ಲಿನ ನಿಯಮವೇ ಆಗಿತ್ತು. ಕೆಲವೇ ಪ್ಲಾಂಟ್ ಇದ್ದಾಗ ಸರಿ. ಲಕ್ಷಗಟ್ಟಲೆ ಆದ ಮೇಲೆ, ಬಿಸಿಲಿನ ದಿನ ಸಾವಿರಾರು ಮೆಗಾವಾಟ್ ಒಂದೇ ಕ್ಷಣದಲ್ಲಿ ಮಾಯವಾಗುವ ಅಪಾಯ. 2012ರಿಂದ ಅಂಥ ಲಕ್ಷಗಟ್ಟಲೆ ಪ್ಲಾಂಟ್‌ಗಳನ್ನು ಹುಡುಕಿ ಹುಡುಕಿ ಸರಿಪಡಿಸಿದರು.

2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಕತ್ತಲಾದಾಗ ಎಲ್ಲರೂ ಮೊದಲು ಹೇಳಿದ್ದು ಸೈಬರ್ ದಾಳಿ ಅಂತ. ತನಿಖೆಯಲ್ಲಿ ಅದರ ಸುಳಿವು ಸಿಗಲಿಲ್ಲ. ವೋಲ್ಟೇಜ್ ಏರುತ್ತಾ ಹೋಗಿ, ಪ್ಲಾಂಟ್‌ಗಳು ಒಂದರ ಹಿಂದೆ ಒಂದು ಕಡಿದುಕೊಂಡಿದ್ದವು. ರಕ್ಷಣಾ ಸೆಟ್ಟಿಂಗ್‌ಗಳ ಪಟ್ಟಿಯನ್ನು ಪಾಸ್‌ವರ್ಡ್‌ನಷ್ಟೇ ಜೋಪಾನ ಮಾಡಿ. ಯಾರು, ಯಾವಾಗ, ಯಾಕೆ ಬದಲಿಸಿದರು ಅನ್ನುವುದು ದಾಖಲೆಯಲ್ಲಿರಲಿ.

ಗ್ರಿಡ್ ಫಾರ್ಮಿಂಗ್ ಇನ್ವರ್ಟರ್ ಅಂದ್ರೇನು? ನಮಗೆ ಬೇಕಾ?

ಸಾಮಾನ್ಯ ಇನ್ವರ್ಟರ್ ಗ್ರಿಡ್‌ನ ತಾಳ ಕೇಳಿ ಅದಕ್ಕೆ ಸೇರಿಕೊಳ್ಳುತ್ತದೆ. ಗ್ರಿಡ್ ಫಾರ್ಮಿಂಗ್ ಇನ್ವರ್ಟರ್ ತಾನೇ ತಾಳ ಹಾಕುತ್ತದೆ. ಹೊರಗಿನ ಗ್ರಿಡ್ ಇಲ್ಲದೆ ಹಲವು ಕಟ್ಟಡಗಳನ್ನು ನಡೆಸಬೇಕಿದ್ದರೆ ಕೊನೇ ಪಕ್ಷ ಒಂದಾದರೂ ಬೇಕು.

ಎಲ್ಲ ಪೂರ್ತಿ ಬಂದ್ ಆದ ಮೇಲೆ ಮತ್ತೆ ಶುರು ಮಾಡೋ ಕ್ರಮ ಹೇಗಿರಬೇಕು?

ಇಲ್ಲಿ ಎಲ್ಲ ಒಂದಕ್ಕೊಂದು ಸಿಕ್ಕಿಕೊಂಡಿವೆ. ಕರೆಂಟ್ ಹಾಕಲು ನೆಟ್‌ವರ್ಕ್ ಬೇಕು, ನೆಟ್‌ವರ್ಕ್ ಏಳಲು ಕರೆಂಟ್ ಬೇಕು. ಲಾಗಿನ್ ಪರಿಶೀಲಿಸುವ ಸರ್ವರ್ ಒಂದು ವರ್ಚುವಲ್ ಯಂತ್ರ, ಅಂದರೆ ಇನ್ನೊಂದು ಕಂಪ್ಯೂಟರಿನೊಳಗೆ ಪ್ರೋಗ್ರಾಮ್ ಆಗಿ ಓಡುವ ಕಂಪ್ಯೂಟರ್. ಆ ಯಂತ್ರವನ್ನು ಎಬ್ಬಿಸಲು ಲಾಗಿನ್ ಬೇಕು. ಬೀಗ ಎಲೆಕ್ಟ್ರಾನಿಕ್, ಅದನ್ನು ತೆರೆಯುವ ಪಾಸ್‌ವರ್ಡ್ ಇರುವುದು ಬೀಗ ಹಾಕಿದ ಕೋಣೆಯೊಳಗಿನ ಕಂಪ್ಯೂಟರಿನಲ್ಲಿ. ಮೊಬೈಲ್ ಟವರ್‌ಗಳ ಬ್ಯಾಟರಿ ಸಾಮಾನ್ಯವಾಗಿ ಕೆಲವೇ ಗಂಟೆ ಬರುತ್ತದೆ, ಹಾಗಾಗಿ ಫೋನಿನಲ್ಲಿ ಕೇಳಿಕೊಂಡು ಮಾಡುತ್ತೇವೆ ಅನ್ನುವುದೂ ನಡೆಯದು.

ಕ್ರಮವನ್ನು ಕಾಗದದ ಮೇಲೆ ಬರೆದಿಡಿ. ಮೊದಲು ಬ್ಯಾಟರಿಯಿಂದ ನಿಯಂತ್ರಣ ಕೋಣೆ ಮಾತ್ರ, ಆಮೇಲೆ ನೆಟ್‌ವರ್ಕ್ ಸ್ವಿಚ್, ಫೈರ್‌ವಾಲ್, ಆಮೇಲೆ ಲಾಗಿನ್ ಸರ್ವರ್, ಕೊನೆಗೆ ದೊಡ್ಡ ಲೋಡ್‌ಗಳು ಒಂದೊಂದಾಗಿ. ಜಾಲವಿಲ್ಲದೆಯೂ ನಡೆಯುವ ಒಂದು ತುರ್ತು ಖಾತೆಯ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿಡಿ. ಕಂಟ್ರೋಲರ್‌ಗಳ ಸೆಟ್ಟಿಂಗ್‌ಗಳ ಪ್ರತಿ ಯಾವ ಜಾಲಕ್ಕೂ ಜೋಡಿಸದ ಡಿಸ್ಕ್‌ನಲ್ಲಿರಲಿ. ವರ್ಷಕ್ಕೊಮ್ಮೆ ನಿಜವಾಗಿ ಬಂದ್ ಮಾಡಿ ಎಬ್ಬಿಸಿ ನೋಡಿ. ಮೊದಲ ಸಲ ಯಾವುದೋ ಒಂದು ಏಳುವುದೇ ಇಲ್ಲ, ಅದು ರಜಾದಿನ ಬೆಳಿಗ್ಗೆ ಗೊತ್ತಾಗುವುದು ಮೇಲಲ್ವಾ?

ಟೆಂಡರ್‌ನಲ್ಲಿ ಭದ್ರತೆ ಬಗ್ಗೆ ಏನು ಬರೆಸಬೇಕು?

"ಸೈಬರ್ ಭದ್ರತೆ ಒದಗಿಸತಕ್ಕದ್ದು" ಅಂತ ಒಂದು ಸಾಲು ಬರೆದರೆ ಒಂದು ಸಾಲಿನ ಭದ್ರತೆಯೇ ಸಿಗುತ್ತದೆ. ಕೈಗಾರಿಕಾ ನಿಯಂತ್ರಣ ವ್ಯವಸ್ಥೆಗಳಿಗೆ ಐಇಸಿ 62443 ಎಂಬ ಮಾನದಂಡಗಳ ಸರಣಿ ಇದೆ, ಅದರ ಯಾವ ಭಾಗ, ಯಾವ ಮಟ್ಟ ಎಂದು ಹೆಸರಿಸಿ. ಇಂಟರ್ನೆಟ್ ಇಲ್ಲದೆ ಪೂರ್ತಿ ನಡೆಯಬೇಕು, ಫರ್ಮ್‌ವೇರ್‌ಗೆ ತಯಾರಕರ ಡಿಜಿಟಲ್ ಸಹಿ ಇರಬೇಕು, ಕಾರ್ಖಾನೆಯ ಪಾಸ್‌ವರ್ಡ್ ಉಳಿದಿರಬಾರದು, ಇಂತಿಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡಬೇಕು, ಮುಖ್ಯ ಅಡ್ಮಿನ್ ಖಾತೆ ಮಾಲೀಕರ ಹೆಸರಿನಲ್ಲೇ ಇರಬೇಕು ಎಂದು ಬಿಡಿಸಿ ಬರೆಯಿರಿ. ಮೇಲೆ ಹೇಳಿದ ಕೇಬಲ್ ಕೀಳುವ ಪರೀಕ್ಷೆ ಮತ್ತು ಬಂದ್ ಮಾಡಿ ಎಬ್ಬಿಸುವ ಪರೀಕ್ಷೆ, ಎರಡನ್ನೂ ಕೊನೆಯ ಕಂತಿನ ಹಣಕ್ಕೆ ಗಂಟು ಹಾಕಿ. ಕಂತು ಕೊಟ್ಟ ಮೇಲೆ ಅವರನ್ನು ಮತ್ತೆ ಕರೆಸುವುದು ಕಷ್ಟ.